ನೋವಿನ ಹೆಬ್ಬಾಗಿಲಿಗೆ ವಿದ್ಯುತ್ತಿನ ಕಾವಲು

(ನಮ್ಮ ಕೂಟದ ಯುಗಾದಿ ಸಮಾರಂಭದಲ್ಲಿ, ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಬಹುಕಾಲ ಫಿಸಿಯೋಥೆರಪಿಸ್ಟ್ ಆಗಿ ಸೇವೆ ಸಲ್ಲಿಸಿರುವ ಅತಿಥಿಗಳು ನೀಡಿದ ಉಪನ್ಯಾಸದ ಬರಹರೂಪ. ಸಭಿಕರ ಪ್ರಶ್ನೆಗಳಲ್ಲಿ ಕೆಲವನ್ನು ಉತ್ತರಸಹಿತ ಕೊನೆಯಲ್ಲಿ ಸೇರಿಸಿದ್ದೇವೆ. – ಸಂ.)



ಹಬ್ಬದ ದಿನ ನೋವಿನ ವಿಚಾರ ಮಾತನಾಡಲು ನಿಂತಿರುವುದಕ್ಕೆ ಮೊದಲು ತಮ್ಮ ಕ್ಷಮೆ ಕೋರುತ್ತೇನೆ. ಆದರೆ ಬೆಲ್ಲದೊಡನೆ ಬೇವನ್ನೂ ತಿನ್ನಿರೆಂದು ವಿಧಿಸಿದ ನಮ್ಮ ಹಿರಿಯರು ನೋವನ್ನು ಬದುಕಿನಿಂದ ಹೊರಗಿಟ್ಟವರಲ್ಲ. ಆದ್ದರಿಂದ ಈ ವಿಷಯ ಇಂದಿಗೆ ತೀರ ಅನುಚಿತವಾಗಲಾರದೆಂದು ನಂಬಿದ್ದೇನೆ.

ವಿಷಯಕ್ಕೆ ಬರುವ ಮುನ್ನ ನನ್ನ ಮನೆಯ ಒಂದು ಸಂಗತಿಯನ್ನು ಹೇಳಿಕೊಳ್ಳಬೇಕು. ತಂದೆಯವರು ತೀರಿಕೊಂಡ ಮೇಲೆ, 2009ರಲ್ಲಿ, ನನ್ನ ತಾಯಿ ಸಾಗರದಿಂದ ಇಲ್ಲಿಗೆ ಬಂದರು. ಅವರಿಗೆ ಆಗ ಅರವತ್ತೆಂಟು ವರ್ಷ. ಈ ದೇಶದ ಮನೆಗಳ ರಚನೆ ತಮಗೆಲ್ಲ ತಿಳಿದದ್ದೇ. ಮಲಗುವ ಕೋಣೆ ಮೇಲೆ, ಅಡಿಗೆಮನೆ ಕೆಳಗೆ, ನಡುವೆ ಕಡಿದಾದ ಹದಿಮೂರು ಮೆಟ್ಟಿಲು. ಅಮ್ಮ ದಿನಕ್ಕೆ ಒಮ್ಮೆ ಕೆಳಗಿಳಿಯುವರು, ಒಮ್ಮೆ ಮೇಲೇರುವರು. ಮಿಕ್ಕ ಹೊತ್ತೆಲ್ಲ ಕಿಟಕಿಯ ಬಳಿ ಕುಳಿತಿರುವರು. ತಂದೆಯವರ ಅಗಲಿಕೆಯ ದುಃಖವಿರಬೇಕೆಂದು ನಾವು ಭಾವಿಸಿದೆವು. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಅವರು ಮೆಟ್ಟಿಲ ಮೇಲೆ ಕುಳಿತು, ಒಂದೊಂದೇ ಮೆಟ್ಟಿಲನ್ನು ತೆವಳಿ ಇಳಿಯುತ್ತಿದ್ದುದನ್ನು ಕಂಡೆ. ಇಪ್ಪತ್ತು ವರ್ಷಗಳಿಂದ ಪರರ ಮೊಣಕಾಲುಗಳಿಗೆ ಚಿಕಿತ್ಸೆ ನೀಡಿ ಸಂಬಳ ಪಡೆಯುತ್ತಿದ್ದ ನನಗೆ ಹೆತ್ತ ತಾಯಿಯ ಮೊಣಕಾಲು ಕಂಡಿರಲಿಲ್ಲ. ಆ ನಾಚಿಕೆ ಇಂದಿಗೂ ನನ್ನಲ್ಲಿದೆ.

ವಿಚಾರಿಸಿದಾಗ ತಿಳಿದದ್ದು ಇನ್ನೂ ಕಳವಳದ ಸಂಗತಿ. ಊರಿನ ಔಷಧಿ ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ಅವರು ವರ್ಷಾನುಗಟ್ಟಲೆ ನುಂಗುತ್ತ ಬಂದಿದ್ದರು. ಪೆಟ್ಟಿಗೆಯಲ್ಲಿ ಒಂದು ವರ್ಷಕ್ಕಾಗುವಷ್ಟನ್ನು ಕಟ್ಟಿಕೊಂಡೂ ಬಂದಿದ್ದರು. ರಕ್ತಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡಗಳ ಶಕ್ತಿ ಕುಂದಿರುವುದು ಕಂಡುಬಂದಿತು. ಆ ಜಾತಿಯ ಮಾತ್ರೆಗಳನ್ನು ಇನ್ನು ಮುಟ್ಟಕೂಡದೆಂದು ವೈದ್ಯರು ವಿಧಿಸಿದರು. ಮಾತ್ರೆ ನಿಂತಿತು, ನೋವು ನಿಲ್ಲಲಿಲ್ಲ. ಆಗ ನಾನು ಆಸರೆಯಾಗಿ ತಂದ ಉಪಾಯಗಳಲ್ಲಿ ಒಂದು, ಚರ್ಮದ ಮೂಲಕ ನರಗಳಿಗೆ ಮೃದುವಾದ ವಿದ್ಯುತ್ ಪ್ರಚೋದನೆ ನೀಡುವ ಸಣ್ಣ ಯಂತ್ರ. ಅದಕ್ಕೆ ಚಿಕ್ಕದಾಗಿ ‘ಟೆನ್ಸ್’ ಎಂದು ಹೆಸರು. ಅದು ಏನು, ಹೇಗೆ ಕೆಲಸ ಮಾಡುತ್ತದೆ, ಅದರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದೇ ಇಂದಿನ ನನ್ನ ವಿಷಯ.

ನೋವಿನ ಹಾದಿ

ಹೊಸ್ತಿಲಿಗೆ ಕಾಲ್ಬೆರಳನ್ನು ಎಡವಿಕೊಂಡ ಅನುಭವ ಯಾರಿಗಿಲ್ಲ? ಮೊದಲು ಚುರ್ ಎಂದು ಮಿಂಚಿದಂತಾಗುತ್ತದೆ. ಒಂದೆರಡು ಕ್ಷಣ ಬಿಟ್ಟು ಮಂದವಾದ, ಆದರೆ ಬಿಡದೆ ಕಾಡುವ ಇನ್ನೊಂದು ನೋವು ಮೇಲೇರಿ ಬರುತ್ತದೆ. ಪೆಟ್ಟು ಒಂದೇ ಆದರೂ ನೋವು ಎರಡು ಬಾರಿ ಬಂದದ್ದೇಕೆ? ನಮ್ಮ ನರಗಳೊಳಗೆ ಬೇರೆ ಬೇರೆ ಗಾತ್ರದ ತಂತುಗಳಿರುವುದೇ ಇದಕ್ಕೆ ಕಾರಣ.

ಸ್ಪರ್ಶ, ಒತ್ತಡ, ಕಂಪನಗಳ ಸುದ್ದಿಯನ್ನು ಒಯ್ಯುವ ತಂತುಗಳು ದಪ್ಪನಾದವು. ಅವುಗಳಲ್ಲಿ ಸುದ್ದಿಯು ಸೆಕೆಂಡಿಗೆ ಸುಮಾರು 35ರಿಂದ 75 ಮೀಟರ್ ವೇಗದಲ್ಲಿ ಓಡುತ್ತದೆ. ಚುರುಕಾದ, ಮೊನೆಯಂಥ ನೋವನ್ನು ಒಯ್ಯುವ ತಂತುಗಳು ತೆಳು. ಅವುಗಳ ವೇಗ ಸೆಕೆಂಡಿಗೆ 5ರಿಂದ 30 ಮೀಟರ್. ಉರಿಯುವ, ಮಂದವಾದ, ಬಹುಹೊತ್ತು ನಿಲ್ಲುವ ನೋವಿನ ತಂತುಗಳು ಎಲ್ಲಕ್ಕಿಂತ ಸಣ್ಣವು. ಅವುಗಳಲ್ಲಿ ಸುದ್ದಿ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರಿನಷ್ಟೇ ಸಾಗುತ್ತದೆ. ಕಾಲ್ಬೆರಳಿನಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್ ದಾರಿಯಾದ್ದರಿಂದ ಎರಡನೆಯ ನೋವು ಹಿಂದೆ ಬೀಳುವುದು ಸಹಜವೇ.

ಇನ್ನೊಂದು ಅನುಭವವನ್ನೂ ನೆನೆಯಿರಿ. ಮಗು ಬಿದ್ದು ಮೊಣಕಾಲು ತಗುಲಿಸಿಕೊಂಡು ಅಳುತ್ತ ಬಂದರೆ ತಾಯಿ ಮಾಡುವುದೇನು? ಪೆಟ್ಟಾದ ಜಾಗದ ಸುತ್ತ ನೀವುತ್ತಾಳೆ, ಉಫ್ ಎಂದು ಊದುತ್ತಾಳೆ. ಮಗುವಿನ ಅಳು ತಗ್ಗುತ್ತದೆ. ಇದು ಬರಿಯ ಮಮತೆಯ ಮಾಯೆಯಲ್ಲ; ಇದರ ಹಿಂದೆ ಶರೀರಶಾಸ್ತ್ರವೂ ಇದೆ.

1965ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ಹಾಗೂ ಇಂಗ್ಲೆಂಡಿನ ನರವಿಜ್ಞಾನಿ ಪ್ಯಾಟ್ರಿಕ್ ವಾಲ್ ಇಬ್ಬರೂ ಸೇರಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ನೋವೆಂದರೆ ಗಂಟೆಯ ಹಗ್ಗವಿದ್ದಂತೆ, ಇಲ್ಲಿ ಎಳೆದರೆ ಅಲ್ಲಿ ಬಡಿಯುತ್ತದೆ ಎಂಬ ಕಲ್ಪನೆ ಬಲವಾಗಿತ್ತು. ಇವರು ಹೇಳಿದ್ದು ಬೇರೆ. ನೋವಿನ ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯನ್ನು ಹೊಗುವಲ್ಲಿ ಅದಕ್ಕೊಂದು ಹೆಬ್ಬಾಗಿಲಿದೆ. ಅಲ್ಲಿರುವ ಸಣ್ಣ ನರಕೋಶಗಳು ಕಾವಲುಗಾರರಂತೆ ವರ್ತಿಸುತ್ತವೆ. ದಪ್ಪ ತಂತುಗಳಿಂದ ಸ್ಪರ್ಶದ ಸುದ್ದಿ ಹೇರಳವಾಗಿ ಬಂದಾಗ ಆ ಕಾವಲುಗಾರರು ಎಚ್ಚೆತ್ತು ಬಾಗಿಲನ್ನು ಅರೆಮುಚ್ಚುತ್ತಾರೆ. ಸಣ್ಣ ತಂತುಗಳ ಸುದ್ದಿಯೇ ಮೇಲಾದಾಗ ಬಾಗಿಲು ತೆರೆದುಕೊಳ್ಳುತ್ತದೆ. ಇದಲ್ಲದೆ ಮೇಲಿನಿಂದ ಮಿದುಳೂ ಅಪ್ಪಣೆ ಕಳುಹಿಸಿ ಬಾಗಿಲನ್ನು ಬಿಗಿಯಬಲ್ಲದು, ಸಡಿಲಿಸಬಲ್ಲದು. ಭಯ, ಒಂಟಿತನ, ನಿದ್ರೆಯಿಲ್ಲದಿರುವಿಕೆ ನೋವನ್ನು ಹೆಚ್ಚಿಸುವುದೂ, ಮೊಮ್ಮಕ್ಕಳೊಡನೆ ಆಡುತ್ತಿರುವಾಗ ಸೊಂಟನೋವು ಮರೆತುಹೋಗುವುದೂ ಇದರಿಂದಲೇ.

ಈ ವಾದದ ವಿವರಗಳಲ್ಲಿ ಕೆಲವು ಮುಂದೆ ತಿದ್ದುಪಡಿಗೊಂಡವು. ಆದರೆ ನೋವಿನ ಸುದ್ದಿಯನ್ನು ದಾರಿಯಲ್ಲೇ ತಗ್ಗಿಸಲು ಸಾಧ್ಯ ಎಂಬ ಮೂಲತತ್ತ್ವ ಇಂದಿಗೂ ನಿಂತಿದೆ. ನೀವುವ ತಾಯಿಯ ಕೈ ಮಾಡುವುದು ಅದನ್ನೇ. ಟೆನ್ಸ್ ಯಂತ್ರವೂ ವಿದ್ಯುತ್ತಿನ ಮೂಲಕ ಮಾಡಲು ಯತ್ನಿಸುವುದು ಅದನ್ನೇ.

ಮೀನಿನಿಂದ ಯಂತ್ರದವರೆಗೆ

ವಿದ್ಯುತ್ತಿನಿಂದ ನೋವನ್ನು ಶಮನಗೊಳಿಸುವ ಯೋಚನೆ ಹೊಸದೇನಲ್ಲ. ಚಕ್ರವರ್ತಿ ಕ್ಲಾಡಿಯಸ್‌ನ ಕಾಲದ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಕ್ರಿ.ಶ. 47ರ ಸುಮಾರಿನಲ್ಲಿ ರಚಿಸಿದ ಔಷಧ ಗ್ರಂಥದಲ್ಲಿ ಟಾರ್ಪೆಡೊ ಎಂಬ ಮೀನಿನ ಪ್ರಯೋಗವನ್ನು ವರ್ಣಿಸಿದ್ದಾನೆ. ಇದು ಮೈಯಲ್ಲಿ ವಿದ್ಯುತ್ತನ್ನು ಹುಟ್ಟಿಸಬಲ್ಲ ಸಮುದ್ರದ ಮೀನು. ಬಹುಕಾಲದ ತಲೆನೋವಿಗೆ ಜೀವಂತ ಮೀನನ್ನು ನೋವಿರುವಲ್ಲಿ ಇಡಬೇಕು. ಗೌಟ್ ಎಂಬ ಕೀಲುನೋವಿಗೆ, ತೇವವಾದ ಕಡಲದಂಡೆಯಲ್ಲಿ ಮೀನನ್ನು ಅಂಗಾಲಿನಡಿ ಇಟ್ಟುಕೊಂಡು ಕಾಲು ಮೊಣಕಾಲಿನವರೆಗೆ ಜೋಮು ಹಿಡಿಯುವ ತನಕ ನಿಲ್ಲಬೇಕು ಎಂಬುದು ಅವನ ವಿಧಾನ. ವಿದ್ಯುತ್ ಎಂಬ ಪದವನ್ನೇ ಅರಿಯದ ಕಾಲದಲ್ಲಿ ಅದರ ಗುಣವನ್ನು ಬಳಸಿಕೊಂಡದ್ದು ವಿಸ್ಮಯವೇ ಸರಿ.

ಹದಿನೆಂಟನೆಯ ಶತಮಾನದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಶೇಖರಿಸುವ ಉಪಕರಣಗಳು ಬಂದೊಡನೆ ಅದನ್ನು ಸಕಲ ವ್ಯಾಧಿಗಳಿಗೂ ಪ್ರಯೋಗಿಸುವ ಹುಚ್ಚು ಯೂರೋಪಿನಲ್ಲಿ ಹರಡಿತು. ಮೆಥೊಡಿಸ್ಟ್ ಪಂಥದ ಪ್ರವರ್ತಕ ಜಾನ್ ವೆಸ್ಲಿ 1760ರಲ್ಲಿ ಇದರ ಪ್ರಯೋಜನಗಳ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಪಾರ್ಶ್ವವಾಯು ಪೀಡಿತರ ಮೇಲೆ ಪ್ರಯೋಗಿಸಿ ನೋಡಿ, ಶಾಶ್ವತವಾದ ಗುಣವೇನೂ ಕಾಣಲಿಲ್ಲವೆಂದು 1757ರಲ್ಲಿ ಪ್ರಾಮಾಣಿಕವಾಗಿ ಬರೆದರು. ಅಮೆರಿಕದಲ್ಲೇ 1919ರಲ್ಲಿ ‘ಎಲೆಕ್ಟ್ರೀಟ್’ ಎಂಬ, ಬ್ಯಾಟರಿಯಿಂದ ನಡೆಯುವ ಕೈಯಂತ್ರಕ್ಕೆ ಪೇಟೆಂಟ್ ದೊರೆಯಿತು. ಒಬ್ಬರು ಹಿಗ್ಗುವುದು, ಇನ್ನೊಬ್ಬರು ಪರೀಕ್ಷಿಸಿ ನೋಡುವುದು: ಈ ಚಿಕಿತ್ಸೆಯ ಇತಿಹಾಸದುದ್ದಕ್ಕೂ ಇವೆರಡೂ ಜೊತೆಜೊತೆಯಾಗಿ ನಡೆದುಬಂದಿವೆ.

ಆಧುನಿಕ ಅಧ್ಯಾಯ ತೆರೆದುಕೊಂಡದ್ದು 1967ರಲ್ಲಿ. ಹೆಬ್ಬಾಗಿಲಿನ ವಾದವನ್ನು ಮಂಡಿಸಿದ ವಾಲ್, ಬಾಸ್ಟನ್ನಿನ ನರಶಸ್ತ್ರವೈದ್ಯ ವಿಲಿಯಂ ಸ್ವೀಟ್ ಅವರೊಡಗೂಡಿ ಅದನ್ನು ಮನುಷ್ಯರಲ್ಲಿ ಪರೀಕ್ಷಿಸಿದರು. ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು, ಬಳಿಕ ತೀವ್ರವಾದ ಬಹುಕಾಲದ ನೋವಿದ್ದ ಎಂಟು ರೋಗಿಗಳ ನರಗಳಿಗೆ ಸೆಕೆಂಡಿಗೆ 100 ಬಾರಿಯಂತೆ ಅತಿ ಸಣ್ಣ ವಿದ್ಯುತ್ ಮಿಡಿತಗಳನ್ನು ನೀಡಿದರು. ಜುಮುಜುಮು ಅನಿಸುತ್ತಿದ್ದಷ್ಟು ಹೊತ್ತು, ಮುಟ್ಟಗೊಡದಿದ್ದ ಜಾಗವನ್ನು ಒತ್ತಿದರೂ ನೋವಾಗಲಿಲ್ಲ. ನರಗಳದೇ ರೋಗವಿದ್ದ ನಾಲ್ವರಿಗಂತೂ ಎರಡು ನಿಮಿಷದ ಪ್ರಚೋದನೆಯಿಂದ ಅರ್ಧ ಗಂಟೆಗೂ ಮಿಗಿಲಾಗಿ ಉಪಶಮನ ದೊರೆಯಿತು. ಇದಾದ ಕೆಲವೇ ವರ್ಷಗಳಲ್ಲಿ, 1970ರ ದಶಕದಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದಾದ ಯಂತ್ರಗಳು ಮಾರುಕಟ್ಟೆಗೆ ಬಂದವು.

ಯಂತ್ರದ ಒಳಗುಟ್ಟು

ಇಸ್ಪೀಟಿನ ಕಟ್ಟಿನಷ್ಟು ದೊಡ್ಡದಾದ ಪೆಟ್ಟಿಗೆ, ಒಳಗೊಂದು ಬ್ಯಾಟರಿ, ಎರಡು ಅಥವಾ ನಾಲ್ಕು ತಂತಿ, ತಂತಿಗಳ ತುದಿಯಲ್ಲಿ ಚರ್ಮಕ್ಕೆ ಅಂಟುವ ಪ್ಯಾಡುಗಳು – ಯಂತ್ರವೆಂದರೆ ಇಷ್ಟೇ. ಗೋಡೆಯ ವಿದ್ಯುತ್ತಿಗೂ ಇದಕ್ಕೂ ನೇರ ಸಂಬಂಧವಿಲ್ಲದ್ದರಿಂದ ‘ಶಾಕ್ ಹೊಡೆದೀತು’ ಎಂಬ ಅಂಜಿಕೆ ಬೇಡ. ಪ್ರವಾಹವನ್ನು ಸಾವಿರದ ಒಂದಂಶವಾದ ಮಿಲಿಆಂಪಿಯರ್‌ಗಳಲ್ಲಿ ಅಳೆಯುತ್ತಾರೆ. ಅದೂ ಎಡೆಬಿಡದೆ ಹರಿಯುವುದಿಲ್ಲ. ಸೆಕೆಂಡಿನ ಹತ್ತು ಲಕ್ಷದ ಒಂದಂಶವಾದ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ, 50ರಿಂದ 200ರವರೆಗಿನ ಕ್ಷಣಿಕ ಮಿಡಿತಗಳಾಗಿ ಹೋಗುತ್ತದೆ.

ದಪ್ಪ ತಂತುಗಳು ಹೊರಗಿನ ವಿದ್ಯುತ್ತಿಗೆ ಬಲುಬೇಗ ಓಗೊಡುತ್ತವೆ; ಸಣ್ಣ ತಂತುಗಳನ್ನು ಎಬ್ಬಿಸಲು ಹೆಚ್ಚಿನ ಪ್ರವಾಹ ಬೇಕು. ಆದ್ದರಿಂದ ಪ್ರವಾಹವನ್ನು ಹದವಾಗಿ ಇಟ್ಟರೆ ನೋವಿನ ತಂತುಗಳನ್ನು ಕೆಣಕದೆ ಸ್ಪರ್ಶದ ತಂತುಗಳನ್ನು ಮಾತ್ರ ಎಚ್ಚರಿಸಬಹುದು. ಟೆನ್ಸ್ ಚಿಕಿತ್ಸೆಯ ಮರ್ಮವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ.

ಬಳಕೆಯಲ್ಲಿ ಮುಖ್ಯವಾಗಿ ಎರಡು ಕ್ರಮಗಳಿವೆ. ಮೊದಲನೆಯದು ಸೆಕೆಂಡಿಗೆ 50ರಿಂದ 100 ಮಿಡಿತಗಳ ವೇಗದ ಕ್ರಮ. ಇದರಲ್ಲಿ ಸ್ನಾಯು ಅದುರುವುದಿಲ್ಲ. ಜುಮುಜುಮು ಮಾತ್ರ ಅನಿಸುತ್ತದೆ. ಉಪಶಮನ ಬೇಗನೆ ಬರುತ್ತದೆ, ಯಂತ್ರವನ್ನು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಹೊರಟುಹೋಗುತ್ತದೆ. ಎರಡನೆಯದು ಸೆಕೆಂಡಿಗೆ 2ರಿಂದ 4 ಮಿಡಿತಗಳ ನಿಧಾನದ ಕ್ರಮ. ಪ್ರವಾಹ ಹೆಚ್ಚು, ಸ್ನಾಯು ಮೆಲ್ಲಗೆ ಅದುರುವುದು ಕಾಣುತ್ತದೆ. ಪರಿಣಾಮ ತಡವಾಗಿ ಬಂದರೂ ಕೊಂಚ ಹೆಚ್ಚು ಹೊತ್ತು ನಿಲ್ಲಬಹುದು.

ಈ ಎರಡನೆಯದರ ಕಾರಣವನ್ನು ಅರಿಯಲು ಇನ್ನೊಂದು ಶೋಧ ನೆರವಾಯಿತು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್ಲಿಟ್ಸ್, ಮಿದುಳು ತಾನೇ ತಯಾರಿಸಿಕೊಳ್ಳುವ ಅಫೀಮಿನಂಥ ವಸ್ತುಗಳನ್ನು ಪತ್ತೆಹಚ್ಚಿದರು. ಬಳಿಕ 1979ರಲ್ಲಿ ಸ್ವೀಡನ್ನಿನ ಷೋಲುಂಡ್ ಮತ್ತು ಎರಿಕ್ಸನ್, ಅಫೀಮಿನ ಪರಿಣಾಮವನ್ನು ಅಳಿಸುವ ನಲಾಕ್ಸೋನ್ ಎಂಬ ಮದ್ದನ್ನು ಕೊಟ್ಟರೆ ನಿಧಾನಕ್ರಮದ ಉಪಶಮನ ಕುಗ್ಗುವುದನ್ನು ತೋರಿಸಿದರು. ಅಂದರೆ ಆ ಕ್ರಮದ ಪ್ರಚೋದನೆಯು ನಮ್ಮ ದೇಹದೊಳಗಿನ ಔಷಧಾಲಯವನ್ನೇ ತೆರೆಸುತ್ತದೆ ಎಂದಾಯಿತು. ವೇಗದ ಕ್ರಮದಲ್ಲೂ ಅದೇ ಕುಟುಂಬದ ಬೇರೆ ಗ್ರಾಹಕಗಳ ಪಾತ್ರವಿದೆಯೆಂದು ಪ್ರಾಣಿಗಳ ಮೇಲಿನ ನಂತರದ ಅಧ್ಯಯನಗಳು ತಿಳಿಸಿವೆ. ಬಾಗಿಲಿನ ಕಾವಲು, ಒಳಗಿನ ಔಷಧ – ಎರಡೂ ಸೇರಿ ಕೆಲಸಮಾಡುತ್ತವೆಂದು ತಿಳಿಯುವುದು ಸರಿ.

ಪ್ರಯೋಗಗಳ ತೀರ್ಪು

ಇಷ್ಟೆಲ್ಲ ಕೇಳಿದ ಮೇಲೆ ‘ಹಾಗಾದರೆ ನಾಳೆಯೇ ಕೊಂಡುಬಿಡೋಣ’ ಎಂದು ತಮಗೆ ಅನಿಸಬಹುದು. ಸ್ವಲ್ಪ ತಾಳಿರಿ. ತತ್ತ್ವ ಸೊಗಸಾಗಿದ್ದ ಮಾತ್ರಕ್ಕೆ ಫಲ ಸಿದ್ಧವಾಗುವುದಿಲ್ಲ.

1990ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ, ಬಹುಕಾಲದ ಸೊಂಟನೋವಿದ್ದ 145 ಮಂದಿಯ ಮೇಲೆ ರಿಚರ್ಡ್ ಡೇಯೊ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ವರದಿ ಬಂದಿತು. ಕೆಲವರಿಗೆ ನಿಜವಾದ ಯಂತ್ರ, ಕೆಲವರಿಗೆ ಪ್ರವಾಹವೇ ಇಲ್ಲದ ಹುಸಿ ಯಂತ್ರ. ನಿಜದ ಯಂತ್ರ ಹುಸಿ ಯಂತ್ರಕ್ಕಿಂತ ಮೇಲೆಂದು ಸಿದ್ಧವಾಗಲಿಲ್ಲ. ಲಾಭ ಕಂಡದ್ದು ವ್ಯಾಯಾಮ ಮಾಡಿದವರಿಗೆ. ಅದೂ ಬಹುಮಂದಿ ವ್ಯಾಯಾಮವನ್ನು ಬಿಟ್ಟೊಡನೆ ಎರಡು ತಿಂಗಳಲ್ಲಿ ಕರಗಿಹೋಯಿತು. ಈ ದೇಶದಲ್ಲಿ ಚಿಕಿತ್ಸಾ ಸೂತ್ರಗಳನ್ನು ರೂಪಿಸುವ ‘ನೈಸ್’ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಟೆನ್ಸ್ ನೀಡಬೇಡಿರೆಂದು ಹೇಳಿತು. ಮೊಣಕಾಲಿನ ಸವೆತದ ವಿಷಯದಲ್ಲಿ ಅದೇ ಸಂಸ್ಥೆ 2008ರಲ್ಲಿಯೂ 2014ರಲ್ಲಿಯೂ ಇತರ ಚಿಕಿತ್ಸೆಗಳ ಜೊತೆಗೆ ಪರಿಗಣಿಸಬಹುದೆಂದಿದ್ದು, 2022ರಲ್ಲಿ ಸಾಕಷ್ಟು ಆಧಾರವಿಲ್ಲವೆಂದು ಹಿಂದೆಗೆದುಕೊಂಡಿತು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ತೂಕವಿದೆ. ಅಮೆರಿಕದ ನರವೈದ್ಯರ ಅಕಾಡೆಮಿ 2010ರಲ್ಲಿ ಸೊಂಟನೋವಿಗೆ ಟೆನ್ಸ್ ಬೇಡವೆಂದೇ ಹೇಳಿದರೂ, ಸಕ್ಕರೆ ಕಾಯಿಲೆಯಿಂದ ಬರುವ ನರಗಳ ನೋವಿಗೆ ಪರಿಗಣಿಸಬಹುದು ಎಂದಿತು. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ ಎಂಬ ತೊಂದರೆಯಿದ್ದ 301 ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಪ್ರವಾಹವನ್ನು ಸಾಕಷ್ಟು ಬಲವಾಗಿಟ್ಟು ಓಡಾಟದ ವೇಳೆ ಬಳಸಿದಾಗ, ಚಲನೆಯಲ್ಲಿ ಆಗುವ ನೋವೂ ಆಯಾಸವೂ ಹುಸಿ ಯಂತ್ರಕ್ಕಿಂತ ಹೆಚ್ಚಾಗಿ ತಗ್ಗಿದವು. 2022ರಲ್ಲಿ ಮಾರ್ಕ್ ಜಾನ್ಸನ್ ಮತ್ತು ಸಂಗಡಿಗರು 381 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಯಂತ್ರ ನಡೆಯುತ್ತಿರುವಾಗ ಹಾಗೂ ನಿಲ್ಲಿಸಿದ ಕೂಡಲೇ ನೋವಿನ ತೀವ್ರತೆ ಕಡಿಮೆಯಿರುತ್ತದೆ, ಗಂಭೀರವಾದ ಅಪಾಯ ಕಂಡುಬಂದಿಲ್ಲ ಎಂದು ವರದಿಮಾಡಿದರು.

ಪಂಡಿತರಲ್ಲೇ ಈ ಭಿನ್ನಾಭಿಪ್ರಾಯವೇಕೆ? ಹುಸಿ ಯಂತ್ರವನ್ನು ಗುಟ್ಟಾಗಿಡುವುದು ಕಷ್ಟ. ಜುಮುಜುಮು ಅನಿಸದವನಿಗೆ ತನ್ನದು ಹುಸಿಯೆಂದು ಗೊತ್ತಾಗಿಬಿಡುತ್ತದೆ. ಅನೇಕ ಪ್ರಯೋಗಗಳು ತೀರ ಸಣ್ಣವು. ಕೆಲವುದರಲ್ಲಿ ಪ್ರವಾಹವನ್ನು ಬಹಳ ಕಡಿಮೆ ಇಡಲಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಉಪಶಮನವು ಯಂತ್ರ ನಡೆಯುತ್ತಿರುವಷ್ಟು ಹೊತ್ತಿನದಾಗಿರುವಾಗ, ಬಿಚ್ಚಿಟ್ಟ ಮೇಲೆ ನೋವನ್ನು ಅಳೆದರೆ ಛತ್ರಿಯನ್ನು ಮಡಚಿದ ಮೇಲೆ ಮಳೆ ತಾಗಿತೆಂದು ದೂರಿದಂತಾಗುತ್ತದೆ. ಇಷ್ಟು ಹೇಳಿಯೂ ನನ್ನ ತೀರ್ಮಾನವನ್ನು ಮರೆಮಾಚುವುದಿಲ್ಲ: ಟೆನ್ಸ್ ರೋಗವನ್ನು ಗುಣಪಡಿಸುವುದಿಲ್ಲ. ಸವೆದ ಕೀಲನ್ನು ಅದು ತುಂಬುವುದಿಲ್ಲ, ಜಾರಿದ ಬೆನ್ನೆಲುಬಿನ ಬಿಲ್ಲೆಯನ್ನು ಸರಿಪಡಿಸುವುದಿಲ್ಲ. ಹಾಗೆಂದು ಹೇಳಿ ಮಾರುವವರು ಸಿಕ್ಕರೆ ದೂರದಿಂದಲೇ ಕೈಮುಗಿಯಿರಿ. ಕೆಲವರಿಗೆ, ಕೆಲವು ಹೊತ್ತು, ನೋವನ್ನು ತಗ್ಗಿಸುವ ಒಂದು ಊರುಗೋಲು ಅದು. ಊರುಗೋಲಿನ ಬೆಲೆ, ಅದನ್ನು ಹಿಡಿದು ನಾವು ಎಷ್ಟು ದೂರ ನಡೆದೆವೆಂಬುದರಲ್ಲಿದೆ.

ಬಳಸುವ ಕ್ರಮ

ಈ ದೇಶದಲ್ಲಿ ವೈದ್ಯರ ಚೀಟಿಯಿಲ್ಲದೆಯೂ ಔಷಧಿ ಅಂಗಡಿಗಳಲ್ಲಿ ಯಂತ್ರ ಸಿಗುತ್ತದೆ. ಆದರೂ ಮೊದಲ ಬಾರಿ ಫಿಸಿಯೋಥೆರಪಿಸ್ಟರನ್ನು ಕೇಳಿ ಬಳಸುವುದು ಲೇಸು. ಕೆಲವು ಆಸ್ಪತ್ರೆಗಳು ಪರೀಕ್ಷಿಸಿ ನೋಡಲು ಯಂತ್ರವನ್ನು ಎರವಲು ಕೊಡುವುದೂ ಉಂಟು.

ಚರ್ಮವನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ನಮ್ಮ ಹಿರಿಯರ ಮೊಣಕಾಲಿಗೆ ಎಣ್ಣೆಯೋ ಮುಲಾಮೋ ಹಚ್ಚಿಯೇ ಇರುತ್ತದೆ. ಅದರ ಮೇಲೆ ಪ್ಯಾಡ್ ಅಂಟುವುದಿಲ್ಲ, ಚರ್ಮವೂ ಉರಿಯಬಹುದು. ಯಂತ್ರ ನಿಂತಿರುವಾಗಲೇ ಪ್ಯಾಡುಗಳನ್ನು ನೋವಿರುವ ಜಾಗದ ಎರಡು ಬದಿಗೆ, ಒಂದಕ್ಕೊಂದು ತಗುಲದಂತೆ, ಕನಿಷ್ಠ ಒಂದು ಅಂಗುಲದ ಅಂತರವಿಟ್ಟು ಅಂಟಿಸಬೇಕು. ಬಳಿಕ ಸೊನ್ನೆಯಿಂದ ಆರಂಭಿಸಿ ಪ್ರವಾಹವನ್ನು ಮೆಲ್ಲಮೆಲ್ಲನೆ ಏರಿಸಬೇಕು. ಬಲವಾಗಿ ಅನಿಸಬೇಕು, ಆದರೆ ನೋಯಬಾರದು – ಇದೇ ಹದ. ಅನೇಕರು ಅಂಜಿಕೆಯಿಂದ ಅರಿವಿಗೇ ಬಾರದಷ್ಟು ಕಡಿಮೆ ಇಟ್ಟುಕೊಂಡು, ಪ್ರಯೋಜನವಿಲ್ಲವೆಂದು ಮೂಲೆಗೆ ಎಸೆಯುತ್ತಾರೆ. ಕೆಲವು ನಿಮಿಷಗಳಲ್ಲಿ ದೇಹ ಒಗ್ಗಿಕೊಂಡು ಜುಮುಜುಮು ಕುಗ್ಗಿದರೆ ಮತ್ತೆ ಸ್ವಲ್ಪ ಏರಿಸಬೇಕು.

ಒಮ್ಮೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ದಿನದಲ್ಲಿ ಹಲವು ಬಾರಿ ಬಳಸಬಹುದು. ಸುಮ್ಮನೆ ಒರಗಿ ಕುಳಿತಾಗ ಬಳಸುವುದಕ್ಕಿಂತ ನಡೆಯುವಾಗ, ಮೆಟ್ಟಿಲೇರುವಾಗ, ವ್ಯಾಯಾಮ ಮಾಡುವಾಗ ಬಳಸುವುದು ಮೇಲು. ಕಳಚುವ ಮುನ್ನ ಯಂತ್ರವನ್ನು ನಿಲ್ಲಿಸಬೇಕು. ಕಳಚಿದ ಮೇಲೆ ಚರ್ಮ ಕೆಂಪಗಾಗಿದೆಯೇ ನೋಡಬೇಕು. ಎರಡು ಮೂರು ವಾರ ಕ್ರಮವಾಗಿ ಬಳಸಿಯೂ ಗುಣ ಕಾಣದಿದ್ದರೆ ಇದು ತಮಗೆ ಹೊಂದಲಿಲ್ಲವೆಂದು ತಿಳಿದು, ಬೇಸರವಿಲ್ಲದೆ ಬಿಟ್ಟುಬಿಡಿರಿ.

ಯಾರು ಬಳಸಬಾರದು?

ಇದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಥವಾ ಅಂಥ ಬೇರೆ ವಿದ್ಯುತ್ ಉಪಕರಣ ಹಾಕಿಸಿಕೊಂಡವರು ಹೃದಯತಜ್ಞರ ಅನುಮತಿಯಿಲ್ಲದೆ ಇದನ್ನು ಮುಟ್ಟಕೂಡದು. ನಮ್ಮ ಪರಿಚಿತರೊಬ್ಬರು ಊರಿನಿಂದ ಬಂದಿದ್ದ ತಮ್ಮ ದೊಡ್ಡಪ್ಪನವರ ಭುಜನೋವಿಗೆಂದು ಪ್ರೀತಿಯಿಂದ ಯಂತ್ರವನ್ನು ಕೊಂಡು ತಂದರು. ಅಂಗಿ ತೆಗೆಸಿದಾಗ ಎದೆಯ ಮೇಲೆ ಪೇಸ್‌ಮೇಕರಿನ ಗುರುತು ಕಂಡಿತು. ಹಿರಿಯರು ಮಕ್ಕಳಿಗೆ ಚಿಂತೆಯೇಕೆಂದು ಆ ಶಸ್ತ್ರಚಿಕಿತ್ಸೆಯ ವಿಷಯವನ್ನೇ ತಿಳಿಸಿರಲಿಲ್ಲ! ದೈವಕೃಪೆಯಿಂದ ಅನಾಹುತವಾಗಲಿಲ್ಲ.

ಕೊರಳಿನ ಮುಂಭಾಗದಲ್ಲಿ, ಕಣ್ಣಿನ ಮೇಲೆ, ಎದೆಗೆ ಅಡ್ಡಲಾಗಿ ಪ್ಯಾಡ್ ಇಡಬಾರದು. ಮೂರ್ಛೆರೋಗವುಳ್ಳವರು ತಲೆ ಮತ್ತು ಕೊರಳಿನ ಭಾಗಕ್ಕೆ ಬಳಸಬಾರದು. ಗರ್ಭಿಣಿಯರು ಹೊಟ್ಟೆಯ ಮೇಲೆ ಇಡಬಾರದು. ಹೆರಿಗೆಯ ಹೊತ್ತಿನ ಬಳಕೆಯನ್ನು ಸೂಲಗಿತ್ತಿಯರೊಡನೆ ಮೊದಲೇ ಚರ್ಚಿಸಬೇಕು. ಗಾಯವಾದ ಚರ್ಮ, ಸ್ಪರ್ಶಜ್ಞಾನವಿಲ್ಲದ ಚರ್ಮ, ರಕ್ತ ಹೆಪ್ಪುಗಟ್ಟಿರುವ ಕಾಲು, ಕ್ಯಾನ್ಸರ್ ಗಡ್ಡೆಯಿರುವ ಭಾಗ – ಇವುಗಳ ಮೇಲೂ ನಿಷಿದ್ಧ. ಸ್ನಾನ ಮಾಡುವಾಗ, ನಿದ್ರಿಸುವಾಗ, ಕಾರು ನಡೆಸುವಾಗ ಬೇಡವೇ ಬೇಡ.

ಕೊನೆಯದಾಗಿ, ಕಾರಣ ತಿಳಿಯದ ನೋವನ್ನು ಯಂತ್ರದಿಂದ ಅಡಗಿಸಲು ಹೋಗಬೇಡಿರಿ. ನೋವು ಶತ್ರುವೂ ಹೌದು, ದೂತನೂ ಹೌದು. ಎದೆಯಿಂದ ಎಡತೋಳಿಗೆ ಇಳಿಯುವ ನೋವು, ತೂಕ ಇಳಿಯುತ್ತ ಬರುವ ನೋವು, ರಾತ್ರಿ ನಿದ್ರೆಯಿಂದ ಎಬ್ಬಿಸುವ ನೋವು, ಮಲಮೂತ್ರದ ಹತೋಟಿ ತಪ್ಪಿಸುವ ಸೊಂಟನೋವು – ಇವು ತಂದ ಸುದ್ದಿಯನ್ನು ವೈದ್ಯರು ಮೊದಲು ಕೇಳಲಿ.

ಹದಿಮೂರು ಮೆಟ್ಟಿಲು

ನನ್ನ ತಾಯಿಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಮೊದಲ ದಿನ ಮೊಣಕಾಲಿನ ಇಕ್ಕೆಲಕ್ಕೆ ಪ್ಯಾಡ್ ಅಂಟಿಸಿ ಯಂತ್ರವನ್ನು ತಿರುಗಿಸಿದಾಗ ಅವರು ಬೆಚ್ಚಿ, “ಇರುವೆ ಸಾಲು ಹರಿದ ಹಾಗೆ ಆಗ್ತದಲ್ಲೇ” ಎಂದರು. ಆಮೇಲೆ ನಕ್ಕರು. ತಂದೆಯವರು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿ ಸೀರೆಯ ಸೆರಗಿನಲ್ಲಿ ಮರೆಮಾಡಿಕೊಂಡು ನನ್ನ ತೋಳು ಹಿಡಿದು ಮೆಟ್ಟಿಲಿಳಿದರು. ಮರುವಾರದಿಂದ ಅದನ್ನು ಕಟ್ಟಿಕೊಂಡೇ ಕುರ್ಚಿಯಿಂದ ಏಳುವ, ಕೂರುವ ವ್ಯಾಯಾಮ. ಬಳಿಕ ಬೀದಿಯ ತಿರುವಿನವರೆಗೆ ನಡಿಗೆ. ಬೇಸಿಗೆಯ ಹೊತ್ತಿಗೆ ಉದ್ಯಾನದ ಬೆಂಚಿನವರೆಗೆ. ತೊಡೆಯ ಸ್ನಾಯುಗಳು ಬಲಗೊಂಡಂತೆ ಯಂತ್ರವನ್ನು ಕೇಳುವುದೂ ಕಡಿಮೆಯಾಯಿತು. ಪ್ಯಾಡುಗಳ ಅಂಟು ಹೋಗಿ ಹೊಸದನ್ನು ತರಲು ನಾನು ಮರೆತಾಗ ಅವರು ನೆನಪಿಸಲೂ ಇಲ್ಲ. ಮೊಣಕಾಲು ನೋಯುವುದು ನಿಂತಿತೆಂದಲ್ಲ. ನೋವಿದ್ದರೂ ನಡೆಯಬಹುದೆಂಬ ಧೈರ್ಯ ಬಂದಿತ್ತು.

ಇದನ್ನು ಯಂತ್ರದ ಜಯವೆನ್ನಲೇ, ವ್ಯಾಯಾಮದ್ದೆನ್ನಲೇ, ಜೊತೆಗೊಬ್ಬರು ನಡೆದದ್ದರ ಫಲವೆನ್ನಲೇ? ಹುಸಿ ಯಂತ್ರವಿಟ್ಟು ನಾನು ಪರೀಕ್ಷಿಸಲಿಲ್ಲವಾದ್ದರಿಂದ ಹೇಳುವ ಅಧಿಕಾರ ನನಗಿಲ್ಲ. ಒಂದು ಮಾತನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಎರಡು ತಿಂಗಳು ಅವರು ನೋವನ್ನು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ಪರದೇಶಕ್ಕೆ ಬಂದ ನಮ್ಮ ಹಿರಿಯರು ಮಕ್ಕಳಿಗೆ ಹೊರೆಯಾಗಬಾರದೆಂದು ಬಹಳಷ್ಟನ್ನು ನುಂಗಿಕೊಳ್ಳುತ್ತಾರೆ. ಇಂದು ಮನೆಗೆ ಹೋದ ಮೇಲೆ ತಮ್ಮ ಮನೆಯ ಹಿರಿಯರು ಮೆಟ್ಟಿಲನ್ನು ಹೇಗೆ ಇಳಿಯುತ್ತಾರೆಂದು ಒಮ್ಮೆ ನೋಡಿರಿ, ಅವರ ಪೆಟ್ಟಿಗೆಯಲ್ಲಿ ಯಾವ ಮಾತ್ರೆಗಳಿವೆಯೆಂದು ಕೇಳಿರಿ. ಯಂತ್ರದ ಮಾತು ಆಮೇಲೆ.



ಸಭಿಕರ ಪ್ರಶ್ನೆಗಳು

ಪ್ರಶ್ನೆ: ಊರಿನ ಕ್ಲಿನಿಕ್ಕುಗಳಲ್ಲಿ ‘ಕರೆಂಟ್ ಕೊಡುವುದು’ ಎನ್ನುತ್ತಾರಲ್ಲ, ಅದೂ ಇದೇ ಏನು?

ಉತ್ತರ: ಕೆಲವೊಮ್ಮೆ ಇದೇ, ಕೆಲವೊಮ್ಮೆ ಅಲ್ಲ. ಅಲ್ಲಿ ಟೆನ್ಸ್ ಅಲ್ಲದೆ, ಎರಡು ಪ್ರವಾಹಗಳನ್ನು ಬೆರೆಸಿ ಕೊಡುವ ಯಂತ್ರವೂ, ದುರ್ಬಲವಾದ ಸ್ನಾಯುಗಳನ್ನು ಕುಗ್ಗಿಸಿ ಹಿಗ್ಗಿಸುವ ಯಂತ್ರವೂ ಇರುತ್ತವೆ. ಅಲ್ಟ್ರಾಸೌಂಡ್ ಅಂತೂ ವಿದ್ಯುತ್ತೇ ಅಲ್ಲ, ಶಬ್ದತರಂಗ. ಯಾವ ಚಿಕಿತ್ಸೆಯೆಂದು ಹೆಸರು ಕೇಳಿ ಬರೆದಿಟ್ಟುಕೊಂಡರೆ ಮುಂದಿನ ವೈದ್ಯರಿಗೆ ಅನುಕೂಲ.

ಪ್ರಶ್ನೆ: ದಿನವೂ ಬಳಸಿದರೆ ಚಟವಾಗುವುದಿಲ್ಲವೇ?

ಉತ್ತರ: ಅಫೀಮಿನ ಜಾತಿಯ ಮಾತ್ರೆಗಳಂತೆ ಚಟ ಹಿಡಿಸುವುದಿಲ್ಲ. ಆದರೆ ದೇಹ ಒಗ್ಗಿಕೊಂಡು ಪರಿಣಾಮ ತಗ್ಗುವುದುಂಟು. ಮಿಡಿತಗಳ ವೇಗವನ್ನು ಬದಲಿಸುವುದು, ನಡುನಡುವೆ ಬಿಡುವು ಕೊಡುವುದು ಅದಕ್ಕೆ ಉಪಾಯ. ಅಂಥ ಮಾತ್ರೆಗಳನ್ನು ಬಹುಕಾಲದಿಂದ ಸೇವಿಸುತ್ತಿರುವವರಿಗೆ ನಿಧಾನದ ಕ್ರಮ ಅಷ್ಟಾಗಿ ಫಲಿಸದಿರಬಹುದು. ಅವರು ವೇಗದ ಕ್ರಮವನ್ನು ಪರೀಕ್ಷಿಸಬಹುದು.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ರಾತ್ರಿಯ ಹೊತ್ತು ಅಂಗಾಲು ಉರಿ. ಅವರು ಬಳಸಬಹುದೇ?

ಉತ್ತರ: ಮೊದಲು ವೈದ್ಯರು ಕಾಲಿನ ಸ್ಪರ್ಶಜ್ಞಾನವನ್ನೂ ರಕ್ತಸಂಚಾರವನ್ನೂ ಪರೀಕ್ಷಿಸಲಿ. ಅಂಗಾಲು ಪೂರ್ತಿ ಮರಗಟ್ಟಿದ್ದರೆ ಅಲ್ಲಿ ಪ್ಯಾಡ್ ಇಡಬಾರದು. ಪ್ರವಾಹ ಹೆಚ್ಚಾದರೂ ತಿಳಿಯದೆ ಚರ್ಮಕ್ಕೆ ಹಾನಿಯಾದೀತು. ಸ್ಪರ್ಶಜ್ಞಾನ ಚೆನ್ನಾಗಿರುವ ಮೇಲಿನ ಭಾಗದಲ್ಲಿ, ಬಲ್ಲವರ ಸಲಹೆಯಂತೆ, ಎಚ್ಚರದಿಂದಿರುವಾಗ ಪ್ರಯತ್ನಿಸಬಹುದು. ಇದೆಲ್ಲಕ್ಕಿಂತ ಮುಖ್ಯವಾದದ್ದು ಸಕ್ಕರೆಯ ಹತೋಟಿ. ಅದಿಲ್ಲದೆ ಯಾವ ಯಂತ್ರವೂ ಬಹುಕಾಲ ನೆರವಾಗಲಾರದು.